ಬಿಳಿ ತಿಂಗಳ ಬೆಳಗು

ಪಕ್ಕದ ಮನೆಯವರು ಮೊನ್ನೆ ಬೇಲಿಯ ಜೂನಿಪರ್ ಗಿಡ ಸವರಿ, ಒಣಗಿದ ಕಡ್ಡಿಗಳನ್ನು ಹಿತ್ತಲಿನ ಬಾರ್ಬಿಕ್ಯೂ ಒಲೆಯ ಕೆಂಡಕ್ಕೆ ಹಾಕಿದರು. ಅರ್ಧ ಕರ್ಪೂರದಂಥ, ಅರ್ಧ ಒಗರಾದ ಆ ಹೊಗೆ ಕಿಟಕಿಯಿಂದ ಒಳಬಂತು. ನಾನೀಗ ಇರುವ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಬಡಾವಣೆಯ ಈ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ಚಿಕ್ಕವಳಿದ್ದಾಗ ನಾವಿದ್ದ ಪರ್ತ್‌ನ ಆ ಇಟ್ಟಿಗೆಮನೆಗೆ ಹೋಗಿಬಿಟ್ಟೆ. ಅಲ್ಲಿ ಬೆಳಗಾದರೆ ಎರಡು ಹೊಗೆ ಏಳುತ್ತಿದ್ದವು. ಒಂದು ಅಮ್ಮನ ಊದುಬತ್ತಿಯದು, ಇನ್ನೊಂದು ಓಯುನಾ ಆಂಟಿ ತಮ್ಮ ಬುದ್ಧನಿಗೆ ಹಾಕುತ್ತಿದ್ದ ಜೂನಿಪರ್ ಪುಡಿಯದು.

ಅಪ್ಪ ಗಣಿಯಲ್ಲಿ ಜಿಯಾಲಜಿಸ್ಟ್. ಮಂಗೋಲಿಯದಿಂದ ಬಂದಿದ್ದ ಓಯುನಾ ಆಂಟಿಯ ಗಂಡ ಅದೇ ಗಣಿಯಲ್ಲಿ ಲಾರಿ ಓಡಿಸುತ್ತಿದ್ದರು. ತಾವು ವಾರಗಟ್ಟಲೆ ಗಣಿಯಲ್ಲಿರುವಾಗ ಹೆಂಗಸರು ಒಬ್ಬರಿಗೊಬ್ಬರು ಜೊತೆಯಾಗುತ್ತಾರೆಂದು ಗಂಡಸರೇ ನಿರ್ಧರಿಸಿ ಒಂದೇ ಮನೆ ಹಿಡಿದಿದ್ದರು. ಆಂಟಿಯ ತಮ್ಮ ಬೈಲಕುಪ್ಪೆಯ ಮಠದಲ್ಲಿ ಓದುತ್ತಿದ್ದ ಸನ್ಯಾಸಿ. ಅಮ್ಮನ ಊರು ಹುಣಸೂರು, ಬೈಲಕುಪ್ಪೆಗೆ ಹತ್ತಿರ ಎಂದು ತಿಳಿದ ದಿನ ಆಂಟಿ ಅಮ್ಮನ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ಅಮ್ಮ ಅವರೆದುರೇ ಹೋಗಿ ಕೈ ತೊಳೆದುಕೊಂಡಳು. ಜಗಳ ಶುರುವಾದದ್ದು ಅಂದೇ ಇರಬೇಕು. ಕುರಿಮಾಂಸ ಬೇಯುವ ಒಲೆಯ ಪಕ್ಕ ಸಾರು ಕುದಿಯುವುದಿಲ್ಲವೆಂದು ಅಮ್ಮ ಬೇರೆ ಒಲೆ ತರಿಸಿದಳು. ಬುದ್ಧನ ಪಕ್ಕದಲ್ಲಿ ಆಂಟಿ ತಮ್ಮ ನಾಡಿನ ಹಿಂದಿನ ದಂಡಯಾತ್ರೆಗಳ ದೊರೆ ಮಹಾಖಾನನ ಪಟ ಇಟ್ಟಾಗ, ಊರೂರು ಸುಟ್ಟವನಿಗೂ ಆರತಿಯೇ ಎಂದು ಕೇಳಿದಳು. ಆಂಟಿಯೂ ಸುಮ್ಮನಿರುವ ಜೀವವಲ್ಲ. ನಿಮ್ಮಮ್ಮ ನಿನಗೆ ಹಾಕುವುದು ಹುಲ್ಲು, ಮನುಷ್ಯರು ತಿನ್ನುವುದು ಮಾಂಸ, ಹುಲ್ಲು ಪ್ರಾಣಿಗಳಿಗೆ ಎಂದು ಅಮ್ಮನಿಗೆ ಕೇಳಿಸುವಂತೆ ನನಗೆ ಹೇಳುತ್ತಿದ್ದರು. ಆ ಪುಟ್ಟ ಕಂಚಿನ ಬುದ್ಧನ ಕತೆ ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು. ಅವರ ದೇಶದಲ್ಲಿ ಮಠಗಳನ್ನು ಕೆಡವಿ ಲಾಮಾಗಳನ್ನು ಕೊಂದ ಕಾಲದಲ್ಲಿ ಲಾಮಾ ಆಗಿದ್ದ ಅವರ ಮುತ್ತಜ್ಜನನ್ನೂ ಎಳೆದೊಯ್ದಿದ್ದರಂತೆ. ಅವರ ಅಜ್ಜಿ ಆ ಬುದ್ಧನನ್ನು ಪೆಟ್ಟಿಗೆಯ ತಳದಲ್ಲಿ ಉಣ್ಣೆಬಟ್ಟೆಯಡಿ ಬಚ್ಚಿಟ್ಟು, ಬಾಯಿಬಿಡದೆ ಮುದುಕಿಯಾದರಂತೆ.

ಫೆಬ್ರವರಿಯಲ್ಲಿ ಅವರ ಹೊಸವರ್ಷ ಬಂತು. ಬಿಳಿ ತಿಂಗಳು ಎನ್ನುತ್ತಾರೆ. ಆ ಬೆಳಗು ಕಿರಿಯರು ಕೈಮೇಲೆ ನೀಲಿ ರೇಷ್ಮೆವಸ್ತ್ರ ಹರಡಿ, ಹಿರಿಯರ ಮೊಣಕೈಗಳನ್ನು ಕೆಳಗಿನಿಂದ ಆನಿಸಿ ಹಿಡಿಯಬೇಕು. ಹಾಗೆ ಹಿಡಿದರೆ ಹಳೆಯ ವರ್ಷದ ಮುನಿಸೆಲ್ಲ ಮುಗಿಯಿತು. ಹಿಂದಿನ ಸಂಜೆ ಆಂಟಿ, ನಿಮ್ಮ ಭಾಷೆಯಲ್ಲಿ ತನಗಿಂತ ದೊಡ್ಡವಳನ್ನು ಏನೆಂದು ಕರೆಯುತ್ತಾರೆ ಎಂದು ನನ್ನನ್ನು ಕೇಳಿದ್ದರು. ಪರ್ತ್‌ನ ಆ ಸುಡುಬಿಸಿಲಲ್ಲಿ ಉದ್ದನೆಯ ರೇಷ್ಮೆ ನಿಲುವಂಗಿ ತೊಟ್ಟು, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದ್ದಂತೆಯೇ ಅಡುಗೆಮನೆಗೆ ಬಂದು ಎರಡೂ ಕೈ ಚಾಚಿ ನಿಂತರು.

"ಅಕ್ಕಾ," ಎಂದರು.

ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ತಿರುಗಿ ನೋಡಿದಳು, ನೀಲಿ ಬಟ್ಟೆಯನ್ನೂ ನೋಡಿದಳು. "ಮುಟ್ಬೇಡ ಅನ್ನು ಅವಳಿಗೆ. ನಂದು ಸ್ನಾನ ಆಗಿದೆ," ಎಂದು ನನಗೆ ಹೇಳಿ ಮತ್ತೆ ಒಲೆಯ ಕಡೆ ತಿರುಗಿದಳು.

ಏನಂದರು ಎಂದು ಆಂಟಿ ನನ್ನನ್ನು ಕೇಳಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರ ಕೈಗಳು ಕೂಡಲೇ ಕೆಳಗಿಳಿಯಲಿಲ್ಲ. ಸಾಸಿವೆ ಸಿಡಿದು ಮುಗಿಯುವವರೆಗೂ ಹಾಗೇ ಇದ್ದವು. ಆಮೇಲೆ ವಸ್ತ್ರವನ್ನು ನೀಟಾಗಿ ಮಡಿಸಿ ಕೋಣೆಗೆ ಹೋದರು. ಗಂಡ ಬರುವವರೆಗೆ ದಿನವೂ, ವಾಸನೆ ಮನೆಯೆಲ್ಲ ಹರಡಲೆಂದು, ಅಡುಗೆಮನೆಯ ಬಾಗಿಲು ತೆರೆದಿಟ್ಟೇ ಮಾಂಸ ಬೇಯಿಸಿದರು. ಅಮ್ಮ ದೇವರ ಕಪಾಟಿನ ಸಂದುಗಳಿಗೆ ಟೇಪು ಅಂಟಿಸಿದಳು. ಅಪ್ಪ ಫೋನಿನಲ್ಲಿ ಇಬ್ಬರಿಗೂ ಬುದ್ಧಿ ಹೇಳಿ ಸೋತರು. ತಿಂಗಳು ತುಂಬುವ ಮೊದಲೇ ಆಂಟಿಯ ಸಂಸಾರ ಅಡಿಲೇಡ್‌ಗೆ ಹೊರಟುಹೋಯಿತು. ಆ ಮನೆಯನ್ನೂ ಆಮೇಲೆ ಕೆಡವಿದರು.

ಹೋದ ವರ್ಷ ಅಮ್ಮ ತೀರಿಕೊಂಡಳು. ಅದಾದ ಮೇಲೆ ಕೆಲಸದ ನಿಮಿತ್ತ ಅಡಿಲೇಡ್‌ಗೆ ಹೋಗಿದ್ದ ನಾನು ಅಲ್ಲಿನ ಬ್ಲೇರ್ ಅಥಾಲ್ ಬಡಾವಣೆಯಲ್ಲಿ ಆಂಟಿಯ ಮನೆ ಹುಡುಕಿಕೊಂಡು ಹೋದೆ. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ನಗಲಿಲ್ಲ, ಆದರೆ ಕೂರಿಸಿ, ಬಾಗಿಲಿಗೆ ಬಂದವರಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ ಎನ್ನುತ್ತಾ ಆಲೂಗಡ್ಡೆ ತುಂಬಿದ ಬಿಸಿ ಕಡುಬು ಬಡಿಸಿದರು. ಅಮ್ಮ ಹೋದ ಸುದ್ದಿ ಹೇಳಿದೆ. ನನ್ನ ತಟ್ಟೆಗೆ ಇನ್ನೊಂದು ಕಡುಬು ಹಾಕಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು:

"ಸತ್ತಳು ಅಂತ ನನ್ನ ಸಿಟ್ಟೇನೂ ಹೋಗಿಲ್ಲ. ನೀನು ತಿನ್ನು."

ಸಮಾಧಾನ ಹೇಳಲು ಬಂದವರೆಲ್ಲ ಅಮ್ಮನನ್ನು ದೇವತೆ, ಸಹನೆಯ ಮೂರ್ತಿ ಎಂದಿದ್ದರು. ಅವರು ಹೇಳುತ್ತಿದ್ದ ಆ ಹೆಂಗಸು ಯಾರೆಂದು ನನಗೆ ತಿಳಿದಿರಲಿಲ್ಲ. ಈ ಮುದುಕಿಯ ಕರಗದ ಸಿಟ್ಟಿನಲ್ಲಿ ಮಾತ್ರ ನನ್ನ ಅಮ್ಮ ಇದ್ದ ಹಾಗೇ ಇದ್ದಳು, ಸೆರಗು ಸಿಕ್ಕಿಸಿಕೊಂಡು, ಬೆನ್ನು ಮಾಡಿ. ಅವಳು ಹೋದ ಮೇಲೆ ನಾನು ಅತ್ತದ್ದು ಅಂದೇ ಮೊದಲು.