ಹುಳು ಹಣ್ಣಾದ ದಿನ ಬಂದ ಮುಯ್ಯಾಳುಗಳು

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಕಳೆದು ಎರಡು ವಾರವಾಗಿರಬೇಕು, ಅವತ್ತು ಭಾನುವಾರ. ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳುಗಳು ಒಂದು ದಿನ ಮುಂಚೆಯೇ ಹಣ್ಣಾಗಿಬಿಟ್ಟವು. ಬಿಸಿಲು ಹೆಚ್ಚಾದರೆ ಹಾಗಾಗುವುದುಂಟು. ಹಣ್ಣಾದ ಹುಳುವನ್ನು ಆಗಲೇ ಒಂದೊಂದಾಗಿ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಯ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ಇಲ್ಲದಿದ್ದರೆ ಸೊಪ್ಪಿನ ಮೇಲೆಯೇ ನೂಲು ಬಿಟ್ಟು ಬೆಳೆಯೆಲ್ಲ ಹಾಳಾಗುತ್ತದೆ.

ಈ ಕೆಲಸಕ್ಕೆ ನಮ್ಮಲ್ಲಿ ಮುಯ್ಯಾಳು ಕರೆಯುತ್ತೇವೆ. ಇವತ್ತು ಅವರು ನಮ್ಮ ಮನೆಗೆ ಬಂದರೆ, ಅವರ ಹುಳು ಹಣ್ಣಾದಾಗ ನಾವು ಹೋಗಿ ಅಷ್ಟೇ ಕೆಲಸ ಮಾಡಿಕೊಡಬೇಕು. ನಾನು ಆರು ಜನ ಹೆಂಗಸರಿಗೆ ಹೇಳಿಟ್ಟಿದ್ದೆ, ಆದರೆ ಮರುದಿನಕ್ಕೆ. ಅವತ್ತು ಅವರೆಲ್ಲ ಮಂಚೇನಹಳ್ಳಿಯ ಮದುವೆಗೆ ಹೋಗಿದ್ದರು. ಮಗನಿಗೆ ಚಿಕ್ಕಬಳ್ಳಾಪುರದಲ್ಲಿ ಡ್ಯೂಟಿ. ಉಳಿದವರು ನಾನು, ನಮ್ಮ ಯಜಮಾನರು, ಸೊಸೆ ಚೈತ್ರ.

ಚೈತ್ರ ತೊಂಡೇಬಾವಿಯ ಹುಡುಗಿ. ಮದುವೆಯಾಗಿ ಆಗ ಎಂಟು ತಿಂಗಳು. ಕೆಲಸದಲ್ಲಿ ಎತ್ತಿದ ಕೈ. ಆದರೆ ಬಿಡುವಾದಾಗಲೆಲ್ಲ ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಗೇಮ್ ಆಡುತ್ತಾಳೆ, ಗುಂಡು ಹೊಡೆಯುವ ಆಟ. ಇವಳು ಆಡುವುದನ್ನು ಸಾವಿರಾರು ಜನ ಕೂತು ನೋಡುತ್ತಾರಂತೆ. ಗೌರಿಬಿದನೂರಿನ ಒಂದು ಮದುವೆಯಲ್ಲಿ ಹುಡುಗಿಯರು ಮದುಮಗಳನ್ನು ಬಿಟ್ಟು ಇವಳ ಜೊತೆ ಫೋಟೊ ತೆಗೆಸಿಕೊಂಡರು. ಅದು ಹೆಮ್ಮೆಪಡುವ ವಿಷಯವೋ ಮುಚ್ಚಿಡುವ ವಿಷಯವೋ ಗೊತ್ತಾಗದೆ ನಾನು ಅಕ್ಷತೆ ಹಿಡಿದುಕೊಂಡು ನಿಂತಿದ್ದೆ.

ಎರಡು ಗಂಟೆಗೆ ಅವಳ ಕೋಣೆಗೆ ಓಡಿದೆ. "ಚೈತ್ರ, ಹುಳ ಹಣ್ಣಾಗ್ಬಿಟ್ಟವೆ ಕಣೇ, ಬೇಗ ಬಾ."

"ಅತ್ತೆ, ಮೂರು ಗಂಟೆಗೆ ಒಂದು ಮ್ಯಾಚ್ ಐತೆ, ಬಿಡಂಗಿಲ್ಲ. ಮುಗಿಸ್ಕೊಂಡು ಬಂದ್ಬಿಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಆಟ ಏನು ಓಡೋಗ್ತೈತಾ? ಮೂರೂ ಜನ ಕೂತು ಆರಿಸಿದ್ರೂ ಸಂಜೆಗೆ ಅರ್ಧ ಆಗಲ್ಲ. ಬೆಳೆನೇ ಹೋಗ್ತಾ ಐತೆ, ನಿಂಗೆ ಮ್ಯಾಚು" ಎಂದು ಕೂಗಾಡಿ ವೈರು ಕಿತ್ತೆ. ಕೂಗುತ್ತ ಕೂಗುತ್ತ ಅಳುವೇ ಬಂತು. ಆಗ ಫೋನಿನೊಳಗಿಂದ ಗಂಡಸಿನ ದನಿಯೊಂದು, "ಅಮ್ಮಾ, ಅಳ್ಬೇಡಿ. ಎಷ್ಟು ಜನ ಬೇಕು?" ಎಂದಿತು.

ನಾನು ಬೆಚ್ಚಿ ಸೆರಗು ಸರಿಮಾಡಿಕೊಂಡೆ. ಚೈತ್ರ ಫೋನಿನಲ್ಲಿ ಒಂದು ನಿಮಿಷ ಏನೋ ಮಾತಾಡಿ, ಅದನ್ನು ಹಾಸಿಗೆಯ ಮೇಲಿಟ್ಟು ನನ್ನ ಹಿಂದೆ ಹುಳು ಮನೆಗೆ ಬಂದಳು.

ಮೂರಕ್ಕೆ ಮುಂಚೆಯೇ ಮೂವರು ಬಂದಿಳಿದರು. ಶಿಡ್ಲಘಟ್ಟದ ಒಬ್ಬ ಹೈಸ್ಕೂಲ್ ಮೇಷ್ಟ್ರು, ಅಲ್ಲೇ ಮೆಡಿಕಲ್ ಅಂಗಡಿ ಇಟ್ಟಿರುವ ಮಂಜುನಾಥ, ಚಿಂತಾಮಣಿಯಿಂದ ಸ್ಕೂಟರಿನಲ್ಲಿ ಸಲ್ಮಾ ಎಂಬ ಹೆಂಗಸು. ಚೈತ್ರಳ ಗೇಮ್ ತಂಡದವರಂತೆ. ದಿನಾ ಒಟ್ಟಿಗೆ ಆಡುತ್ತಿದ್ದರೂ ಒಬ್ಬರ ಮುಖ ಒಬ್ಬರು ಎದುರಿಗೆ ನೋಡಿದ್ದು ಅವತ್ತೇ ಮೊದಲಂತೆ. ತಲೆ ನರೆತ ಮೇಷ್ಟ್ರನ್ನು ನೋಡಿ ನನಗೆ ನಗಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

"ಯಾರ ಕಡೆಯೋರಪ್ಪ ನೀವು?" ಎಂದೆ.

"ಚೈತ್ರಾ ಕಡೆಯೋರು" ಎಂದರು ಮೇಷ್ಟ್ರು.

ಮಂಜುನಾಥ ಘಮ್ಮೆಂದು ಸೆಂಟು ಹಾಕಿಕೊಂಡಿದ್ದ. ಆ ವಾಸನೆ ಹುಳುವಿಗೆ ಆಗುವುದಿಲ್ಲ. ತೊಟ್ಟಿಯ ಹತ್ತಿರ ಅವನ ಕೈಕಾಲು ತೊಳೆಸಿ, ಯಜಮಾನರ ಹಳೇ ಅಂಗಿ ಕೊಟ್ಟು ಒಳಗೆ ಬಿಟ್ಟೆ. ಮೊದಮೊದಲು ಮೂವರೂ ಹುಳು ಮುಟ್ಟಲು ಹೆದರಿದರು. ಆಮೇಲೆ ಅವರ ಬೆರಳಿನ ಚುರುಕು ನೋಡಬೇಕಿತ್ತು, ನಮ್ಮ ಹೆಂಗಸರೂ ಹಾಗೆ ಆರಿಸುವುದಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಹುಳುವೆಲ್ಲ ಚಂದ್ರಿಕೆ ಏರಿದವು. ನನಗೆ ಹೋದ ಜೀವ ಬಂದಂತಾಯಿತು.

ಅವರು ಕೈ ತೊಳೆಯುತ್ತಿದ್ದಾಗ ನಾನು ಊಟಕ್ಕೆ ಕರೆಯಲು ಹೋದೆ. ಸಲ್ಮಾ ಫೋನ್ ನೋಡಿ ಮೇಷ್ಟ್ರಿಗೆ ಮೆಲ್ಲಗೆ, "ಮನ ಪೇರು ತೀಸೇಶಾರು" ಎಂದಳು. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ. "ಯಾರ ಹೆಸರಮ್ಮಾ ತೆಗೆದಿದ್ದು?" ಎಂದು ಕೇಳಿಯೇಬಿಟ್ಟೆ.

"ಏನಿಲ್ಲ ಆಂಟಿ. ಮೂರು ಗಂಟೆ ಮ್ಯಾಚ್‌ಗೆ ನಾವು ಹೋಗ್ಲಿಲ್ವಲ್ಲ. ಗೆದ್ದಿದ್ರೆ ಬೆಂಗ್ಳೂರಲ್ಲಿ ದೊಡ್ಡ ಸ್ಟೇಜ್ ಮೇಲೆ ಆಡೋಕೆ ಕರೀತಿದ್ರು, ಟಿವಿಲೂ ತೋರಿಸ್ತಿದ್ರು. ಒಂದು ವರ್ಷದಿಂದ ಅದಕ್ಕೇ ಆಡ್ತಿದ್ವಿ."

"ಹಂಗಾದ್ರೆ ನಾಳೆ ಆಡಿದ್ರೆ ಆಗಲ್ವಾ?"

ಮೇಷ್ಟ್ರು ನಕ್ಕರು. "ನಿಮ್ಮ ಹುಳನೂ ನಾಳೆವರ್ಗೂ ಕಾಯಲ್ವಲ್ಲಮ್ಮ."

ನನಗೆ ಊಟ ಸೇರಲಿಲ್ಲ. ಅವರೆಲ್ಲ ಅವರೆಬೇಳೆ ಸಾರು ಚೆನ್ನಾಗಿದೆ ಎಂದು ಎರಡೆರಡು ಸಲ ಬಡಿಸಿಕೊಂಡು ಉಂಡು ಹೋದರು. ಆ ಸಲ ಗೂಡು ಚೆನ್ನಾಗಿಯೇ ಬಂತು.

ಆಮೇಲಿಂದ ನನಗೆ ಒಂದೇ ಗೊಂದಲ. ಇವರಿಗೆ ಮುಯ್ಯಿ ತೀರಿಸುವುದು ಹೇಗೆ? ಅವರ ಮನೆಯಲ್ಲಿ ಹುಳುವಿಲ್ಲ, ಅವರ ಆಟ ನನಗೆ ಬಾರದು. ಆಟಕ್ಕೆ ಇಷ್ಟು ಬೆಲೆ ಯಾವಾಗ ಬಂತು, ಯಾರು ಕೊಟ್ಟರು, ಈಗಲೂ ನನಗೆ ಅರ್ಥವಾಗಿಲ್ಲ. ಆದರೆ ಅವರು ಬಿಟ್ಟುಬಂದದ್ದು ಸಣ್ಣದಲ್ಲ ಎನ್ನುವುದು ಮಾತ್ರ ಎದೆಯಲ್ಲಿ ಕೂತುಬಿಟ್ಟಿದೆ.

ಮುಂದಿನ ವರ್ಷ ಅದೇ ಕಾಲಕ್ಕೆ ಹೊಸ ಹುಳು ತರಬೇಕಾದಾಗ ಕ್ಯಾಲೆಂಡರ್ ಹಿಡಿದು ಚೈತ್ರಳ ಹತ್ತಿರ ಹೋದೆ. "ನಿಮ್ಮ ಮ್ಯಾಚ್ ಯಾವತ್ತಮ್ಮ? ಅದು ನೋಡ್ಕೊಂಡೇ ಹುಳ ತರ್ಸಣ" ಎಂದೆ.

ಅವಳು ಸೊಪ್ಪು ಬಿಡಿಸುತ್ತಿದ್ದಳು. "ಈ ವರ್ಷ ನಮಗೆ ಮ್ಯಾಚ್ ಇಲ್ಲ ಅತ್ತೆ. ಹೇಳದೆ ಬಿಟ್ಟೋದೋರನ್ನ ಮತ್ತೆ ಸೇರಿಸ್ಕೊಳ್ಳಲ್ಲ. ನೀವು ಯಾವಾಗ ಬೇಕಾದ್ರೂ ತರ್ಸಿ" ಎಂದಳು.

ಅವಳ ದನಿಯಲ್ಲಿ ಸಿಟ್ಟಿದೆಯೇನೋ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು.