ರೈಲ್ ಒಡ್ಡಿಗೆ ಮುಳ್ಳು ಹಚ್ಚಿದ ದಿನ

ಸಾವಿರದ ಒಂಬೈನೂರ ಎಂಬತ್ತೊಂದನೇ ಇಸವಿ, ಸುಗ್ಗಿಯ ದಿನಗಳು. ನಾನು ಆಗ ಸವಣೂರಿನಲ್ಲಿ ಪಿಯುಸಿ ಓದುತ್ತಿದ್ದೆ. ನಮ್ಮದು ಯಲವಿಗಿ ಸ್ಟೇಷನ್ನಿಗೆ ಸಮೀಪದ ಒಂದು ಸಣ್ಣ ಹಳ್ಳಿ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್.

ಊರ ಹಿಂದೆ ಒಂದು ಒಡ್ಡು ಇತ್ತು. ಹಿಂದೊಮ್ಮೆ ಕಲ್ಲಿನ ಕ್ವಾರಿಯಿಂದ ಸ್ಟೇಷನ್ನಿಗೆ ಜಲ್ಲಿ ಸಾಗಿಸಲು ಹಾಕಿದ್ದ ರೈಲು ದಾರಿಯದು. ಕ್ವಾರಿ ನಿಂತ ಮೇಲೆ ಹಳಿ, ಸ್ಲೀಪರು ಎಲ್ಲ ಕಿತ್ತುಕೊಂಡು ಹೋದರು. ಗಟ್ಟಿ ಜಲ್ಲಿಮಣ್ಣಿನ, ಅಂದರೆ ಗರಸಿನ, ಒಡ್ಡು ಮಾತ್ರ ಉಳಿಯಿತು. ಮಳೆಗಾಲದಲ್ಲಿ ಸುತ್ತಲಿನ ಎರೆ ಹೊಲಗಳೆಲ್ಲ ಕೆಸರಾದರೂ ಒಡ್ಡಿನ ಮೇಲೆ ಸೈಕಲ್ ಸಲೀಸಾಗಿ ಓಡುತ್ತಿತ್ತು. ಎರಡೂ ಕಡೆ ಕೆಳಗೆ ಜೋಳ, ಹತ್ತಿ. ನಡುವೆ ಒಂದು ಮೋರಿ. ಕಟ್ಟಿಗೆ ಹೊತ್ತು ಬರುವ ಹೆಂಗಸರು ಅಲ್ಲಿ ಹೊರೆ ಇಳಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ನಮ್ಮ ಕೇರಿಯವರಿಗೆ ಅದು ಬರೀ ಅಡ್ಡದಾರಿಯಾಗಿರಲಿಲ್ಲ. ಊರೊಳಗಿನ ದಾರಿ ಗೌಡರ ಮನೆ, ಕಟ್ಟೆ ದಾಟಿ ಹೋಗುತ್ತಿತ್ತು. ಅಲ್ಲಿ ನಮ್ಮವರು ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು, ಚಪ್ಪಲಿ ಕೈಯಲ್ಲಿ ಹಿಡಿಯಬೇಕು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು ವರ್ಷಗಳಾಗಿದ್ದರೂ ಊರಿನ ಕಣ್ಣಿಗೆ ನಾವು ಅದೇ ಕೇರಿಯ ಮಂದಿ. ಒಡ್ಡಿನ ಮೇಲೆ ಮಾತ್ರ ಯಾರನ್ನು ಕಂಡರೂ ಇಳಿಯಬೇಕಾಗಿರಲಿಲ್ಲ. ಅಪ್ಪನ ಹಳೆಯ ಸೈಕಲ್ಲನ್ನು ಹುಡುಗಿಯಾದ ನಾನು ಬಿದ್ದು ಎದ್ದು ಕಲಿತದ್ದೂ ಅಲ್ಲಿಯೇ.

ಆ ವಾರ ಅವ್ವನ ಬಲಗಣ್ಣು ಕೆಂಪಗಾಗಿ, ತಲೆ ಸಿಡಿಯುವಂಥ ನೋವು ಶುರುವಾಯಿತು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತವೆ ಅಂದಳು. ಸವಣೂರಿನ ಡಾಕ್ಟರು ನೋಡಿ, "ಕಣ್ಣಿನ ಒಳಗ ಒತ್ತಡ ಏರೇದ. ನಾಳೆ ಮೊದಲನೇ ಗಾಡಿಗೆ ಹುಬ್ಬಳ್ಳಿಗೆ ಕರಕೊಂಡು ಹೋಗು. ತಡ ಮಾಡಿದ್ರ ಕಣ್ಣು ಹೋಗ್ತದ" ಅಂದರು.

ಅಪ್ಪ ಡ್ಯೂಟಿಯ ಮೇಲೆ ದೂರ ಹೋಗಿದ್ದ. ಮರುದಿನ ಬೆಳಗಾಗುತ್ತಲೇ ಅವ್ವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ಅಷ್ಟು ನೋವಿನಲ್ಲೂ ಅವ್ವ, "ಸಾವಕಾಶ ಹೊಡಿಯವಾ, ಜೀವಾ ಝಲ್ ಅಂತೈತಿ" ಎಂದು ನಕ್ಕಿದ್ದಳು.

ಮೋರಿ ದಾಟುತ್ತಲೇ ಬ್ರೇಕ್ ಹಿಡಿದೆ. ಒಡ್ಡಿಗೆ ಅಡ್ಡಲಾಗಿ ಜಾಲಿ ಮುಳ್ಳಿನ ರಾಶಿ. ಅದರಾಚೆ ಹೊಸದಾಗಿ ತೋಡಿದ ಆಳವಾದ ತಗ್ಗು. ಟ್ರ್ಯಾಕ್ಟರ್ ಗರಸು ತುಂಬಿಕೊಂಡು ನಿಂತಿತ್ತು. ಪಕ್ಕದಲ್ಲಿ ಗೌಡರು ನಿಂತಿದ್ದರು. ಒಡ್ಡಿನ ಎರಡೂ ಕಡೆಯ ಹೊಲ ಅವರದೇ.

"ಗೌಡ್ರ, ಅವ್ವಗ ಕಣ್ಣಿನ ತ್ರಾಸ ಭಾಳ ಆಗೇತ್ರಿ. ಗಾಡಿ ಹಿಡೀಬೇಕ್ರಿ. ಮುಳ್ಳು ಒಂದೀಟ ಸರಿಸಿ ತಗ್ಗಿನ ಬಾಜೂಕ ದಾಟತೇವ್ರಿ" ಅಂದೆ.

"ಮುಟ್ಟಬ್ಯಾಡ. ಇದು ಈಗ ನಮ್ಮ ಹೊಲ."

"ಇದು ರೈಲ್ವೆ ಜಾಗಾ ಅಲ್ರಿ?"

"ರೈಲೂ ಇಲ್ಲ, ಹಳೀನೂ ಇಲ್ಲ. ನಿಮ್ಮಪ್ಪ ಗ್ಯಾಂಗ್‌ಮನ್ ಆದ್ರ ಭೂಮಿ ನಿಮ್ಮದಾತೇನು? ಊರೊಳಗ ದಾರಿ ಐತಲ್ಲ, ಇಳದು ಹೋಗ್ರಿ. ಇಷ್ಟು ದಿನ ಇದರ ಮ್ಯಾಲ ಮೆರದದ್ದು ಸಾಕು."

ಆಗ ನನಗೆ ತಿಳಿಯಿತು, ಅವರಿಗೆ ಬೇಕಾದದ್ದು ಗರಸೊಂದೇ ಅಲ್ಲ.

ಸೈಕಲ್ ತಿರುಗಿಸಿದೆ. ಊರಬಾಗಿಲ ಅಗಸಿ ಹತ್ತಿರ ಬರುತ್ತಲೇ ಅವ್ವ, "ಇಳೀತೇನಿ, ನಿಂದರಸು" ಅಂದಳು.

"ಬ್ಯಾಡ, ಕುಂಡ್ರು. ಇಳದು ನಡದ್ರ ಗಾಡಿ ಸಿಗಂಗಿಲ್ಲ" ಎಂದು ಪೆಡಲ್ ಒತ್ತಿದೆ. ಅವ್ವ ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಳು.

ಕಟ್ಟೆಯ ಮುಂದೆ ಗೌಡರ ಮಗ ಓಡಿಬಂದು ಹ್ಯಾಂಡಲ್ ಹಿಡಿದು ಎಳೆದ. ಇಬ್ಬರೂ ಬಿದ್ದೆವು. ಅವ್ವನ ಮೊಣಕೈ ತರಚಿತು. "ಸೊಕ್ಕು ನೋಡ್ರೋ ಇವರದು!" ಎಂದವನು ಎರಡೂ ಗಾಲಿಗಳ ವಾಲ್ವ್ ಕಿತ್ತು ಗಟಾರಕ್ಕೆ ಎಸೆದ. "ಈಗ ಹೊತ್ಕೊಂಡು ಹೋಗ" ಅಂದ. ಕಟ್ಟೆಯ ಮೇಲಿದ್ದವರು ನಕ್ಕರು. ಬಾಗಿಲಲ್ಲಿ ನಿಂತು ನೋಡುತ್ತಿದ್ದವರಲ್ಲಿ ನನ್ನ ಜೊತೆ ಹೈಸ್ಕೂಲಿಗೆ ಬಂದ ಹುಡುಗಿಯರೂ ಇದ್ದರು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ಆ ನಗೆಗಿಂತ ಇವರು ಸುಮ್ಮನಿದ್ದದ್ದೇ ನನಗೆ ಹೆಚ್ಚು ಉರಿಯಿತು.

ಸೈಕಲ್ ಅಲ್ಲಿಯೇ ಬಿಟ್ಟು ಅವ್ವನ ಕೈ ಹಿಡಿದು ಓಡಿದಂತೆ ನಡೆದೆ. ಸ್ಟೇಷನ್ ಕಾಣುವಷ್ಟರಲ್ಲಿ ಗಾಡಿ ಸೀಟಿ ಹೊಡೆದು ಹೊರಟಿತು. ಅವ್ವ ಬದುವಿನ ಮೇಲೆ ಕುಳಿತು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮುಂದಿನ ಗಾಡಿ ಬಂದಾಗ ಹೊತ್ತು ಇಳಿದಿತ್ತು. ಹುಬ್ಬಳ್ಳಿಯ ದೊಡ್ಡ ಡಾಕ್ಟರು ಅವ್ವನನ್ನು ನೋಡಿದ್ದು ಮರುದಿನ.

"ಇನ್ನಷ್ಟು ಲಗೂನ ಬಂದಿದ್ರ ನೋಡಬಹುದಿತ್ತು" ಅಂದರು. ಬಲಗಣ್ಣು ಹೋಯಿತು. ಬೇಗ ಹೋಗಿದ್ದರೂ ಅದು ಉಳಿಯುತ್ತಿರಲಿಲ್ಲವೇನೋ, ಯಾರಿಗೆ ಗೊತ್ತು? ಆದರೆ ಉಳಿಸಿಕೊಳ್ಳಲು ನಮ್ಮನ್ನು ಬಿಡಲಿಲ್ಲ ಎನ್ನುವುದಂತೂ ನನಗೆ ಗೊತ್ತು.

ಅವ್ವ ಊರಿಗೆ ಬಂದ ಮೇಲೆ, ಒಂದು ರವಿವಾರ ಅಪ್ಪನೂ ಕೇರಿಯವರೂ ಸಲಿಕೆ ಬುಟ್ಟಿ ಹಿಡಿದು ಒಡ್ಡಿಗೆ ನಡೆದರು. ಮುಳ್ಳು ಎಳೆದು ಬೆಂಕಿ ಹಚ್ಚಿದರು. ಬೇಡವೆಂದರೂ ಕೇಳದೆ ಅವ್ವ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಮೊದಲನೇ ಬುಟ್ಟಿ ಮಣ್ಣು ತಗ್ಗಿಗೆ ಸುರಿದಳು. ಗೌಡರು ಬಂದು ದೂರ ನಿಂತು ನೋಡಿದರು. ಅಷ್ಟು ಮಂದಿಯನ್ನು ಕಂಡು ತಿರುಗಿ ಹೋದರು. ಸಂಜೆಯ ಹೊತ್ತಿಗೆ ಅಪ್ಪ ಅದರ ಮೇಲೆ ಸೈಕಲ್ ಹೊಡೆದುಕೊಂಡು ಹೋಗಿ ಬಂದ.

ವರ್ಷಗಳ ಮೇಲೆ ನಾನು ದುಂಡಸಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ ಗೌಡರ ಮಗ ಎದುರಾದ. ಜೊತೆಗೆ ಹೆಂಡತಿ, ಮಕ್ಕಳು. "ನಮಸ್ಕಾರ್ರಿ ಟೀಚರ್. ಅವ್ವಾರು ಆರಾಮ ಅದಾರಿಲ್ರಿ?" ಅಂದ. ನಾನು ಅವನ ಕೈಗಳನ್ನು ನೋಡಿದೆ. ಅವನಿಗೂ ನೆನಪಾಗಿರಬೇಕು. "ಆಗಿನ ಕಾಲಾನ ಹಂಗಿತ್ರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ" ಅಂದ.

"ಕಾಲ ಬಂದು ನಮ್ಮ ಸೈಕಲ್ಲಿನ ವಾಲ್ವ್ ಕೀಳಲಿಲ್ರಿ. ನೀವು ಕಿತ್ರಿ. ನಮ್ಮವ್ವನ ಒಂದು ಕಣ್ಣು ಹೋತು" ಅಂದೆ. ದನಿ ತಗ್ಗಿಸಲಿಲ್ಲ. ಅವನ ಹೆಂಡತಿ ಅವನ ಮುಖ ನೋಡಿದಳು. ಅವನು ಬ್ಯಾಗ್ ಎತ್ತಿಕೊಂಡು ಆ ಕಡೆ ನಡೆದ.

ಹಳೆಯದನ್ನು ಮರೆತುಬಿಡು ಎಂದು ಬಹಳ ಮಂದಿ ನನಗೆ ಹೇಳಿದ್ದಾರೆ. ನನ್ನ ಸಿಟ್ಟು ಅಂದು ಎಷ್ಟಿತ್ತೋ ಇಂದೂ ಅಷ್ಟೇ ಇದೆ. ಅದರಿಂದ ನನಗೇನೂ ಕೆಟ್ಟದ್ದಾಗಿಲ್ಲ.

ಆ ಸಂಜೆ ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ಸ್ಟ್ಯಾಂಡಿನ್ಯಾಗ ಮಂದಿ ಇದ್ರೇನು?"

"ಭಾಳ ಇದ್ರು."

"ಎಲ್ಲಾರಿಗೂ ಕೇಳಿಸ್ತೇನು?"

"ಕೇಳಿಸ್ತವ್ವಾ."

"ಛಲೋ ಆತು" ಎಂದು ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.