ಭಾವ ತಟ್ಟಿ ನೋಡಿದ ಮೂರು ಕಾರುಗಳು

ನಮ್ಮ ಭಾವ ಕಾರಿನ ಬಂಪರನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಸ್ವಲ್ಪ ಬಗ್ಗಿ ಮತ್ತೊಮ್ಮೆ ತಟ್ಟಿದರು. ಆಮೇಲೆ ಶೋರೂಮಿನ ಟೈ ಕಟ್ಟಿದ ಯುವಕನ ಕಡೆ ತಿರುಗಿ, ಬೀದಿಗೆಲ್ಲ ಕೇಳಿಸುವ ದನಿಯಲ್ಲಿ ವಿಚಾರಿಸಿದರು:

“ಎನ್ನಪ್ಪಾ ಇದು, ಬಕೆಟ್ಟಾ?”

(ಭಾವ ಅಪ್ಪಟ ಕನ್ನಡಿಗರು. ಆದರೆ ಭದ್ರಾವತಿಯ ಕಾರ್ಖಾನೆಯಲ್ಲಿ ತಮಿಳು ಮಾತಾಡುವ ಗೆಳೆಯರ ನಡುವೆ ನೌಕರಿ ಮುಗಿಸಿದವರು. ಬೆರಗು, ಸಿಟ್ಟು ಎರಡೂ ಅವರಿಗೆ ಇವತ್ತಿಗೂ ತಮಿಳಿನಲ್ಲೇ ಬರುತ್ತವೆ.)

“ಸಾರ್, ಬಂಪರ್ ಎಲ್ಲಾ ಕಂಪನೀದೂ ಪ್ಲಾಸ್ಟಿಕ್ಕೇ ಸಾರ್,” ಎಂದ ಯುವಕ ವಿನಯದಿಂದ.

“ಆಂ?”

“ಪ್ಲಾಸ್ಟಿಕ್ ಸಾರ್! ಪ್ಲಾಸ್ಟಿಕ್!”

ಪಕ್ಕದ ಕಾರು ನೋಡುತ್ತಿದ್ದ ದಂಪತಿ ಬೆಚ್ಚಿಬಿದ್ದರು. ಗಂಡ ಮೆಲ್ಲಗೆ ತಾವು ನೋಡುತ್ತಿದ್ದ ಕಾರಿನ ಬಂಪರನ್ನೂ ತಟ್ಟಿ ನೋಡಿದ. ಯುವಕನ ಮುಖ ಬಾಡಿತು. ಒಂದು ಗಿರಾಕಿ ಹೋಗುವುದು ಬೇರೆ, ಎರಡು ಹೋಗುವುದು ಬೇರೆ.

ಕಳೆದ ಭಾನುವಾರ ಶಿವಮೊಗ್ಗದಲ್ಲಿ ನಡೆದದ್ದು ಇದು. ಕಾರು ಕೊಳ್ಳಲು ಹೊರಟವಳು ಭಾವನ ಮಗಳು, ಅಂದರೆ ನನ್ನ ಅಕ್ಕನ ಮಗಳು ಕಾವ್ಯ. ಭದ್ರಾವತಿಯಲ್ಲಿ ಮನೆ, ಶಿವಮೊಗ್ಗದ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ, ನಡುವೆ ಬಸ್ಸು. ಅವಳಿಗೆ ಬೇಕಿದ್ದದ್ದು ಕಾಂಪ್ಯಾಕ್ಟ್ ಎಲೆಕ್ಟ್ರಿಕ್ ಎಸ್‌ಯುವಿ. (ಹಾಗೆಂದರೇನು? ನೋಡುವವರಿಗೆ ದೊಡ್ಡದು, ನಿಲ್ಲಿಸುವವರಿಗೆ ಚಿಕ್ಕದು.) ಮೂರು ಕಾರುಗಳನ್ನು ಆರಿಸಿಟ್ಟುಕೊಂಡಿದ್ದಳು: ಕೆಂಪು, ನೀಲಿ, ಬಿಳಿ. ಕಂಪನಿಗಳ ಹೆಸರು ನಾನು ಬರೆಯುವುದಿಲ್ಲ. ಇದು ಜಾಹೀರಾತಿನ ಪುಟವಲ್ಲ.

ನನ್ನನ್ನು ಕರೆದದ್ದು ಏಕೆ? “ಮಾವ ಪೇಪರಿನವರು, ಅವರನ್ನ ಯಾರೂ ಯಾಮಾರಿಸೋಕಾಗಲ್ಲ,” ಎಂಬುದು ಅಕ್ಕನ ನಂಬಿಕೆ. ಅಕ್ಕಂದಿರು ತಮ್ಮಂದಿರನ್ನು ಯಾವಾಗಲೂ ಹೀಗೆಯೇ ನಂಬುತ್ತಾರೆ. ಸರಿಪಡಿಸಲು ಹೋಗಬಾರದು.

ಸುದ್ದಿಮನೆಯ ಶಿಸ್ತಿನ ಪ್ರಕಾರ ನಾನು ಮೊದಲೇ ಒಂದಿಷ್ಟು ವಿಚಾರಣೆ ನಡೆಸಿದ್ದೆ. ಬ್ರೋಷರ್ ಎಂದರೆ ಪಕ್ಷದ ಪ್ರಕಟಣೆ. ಅದನ್ನೇ ನಂಬಿ ಸುದ್ದಿ ಬರೆಯುವ ಹಾಗಿಲ್ಲ, ಇನ್ನೊಂದು ಮೂಲ ಬೇಕು. ಹಾಗಾಗಿ ಈಗಾಗಲೇ ಆ ಕಾರುಗಳನ್ನು ಕೊಂಡವರಿಗೆ ಫೋನ್ ಮಾಡಿದೆ. “ಒಂದು ಸಲ ಚಾರ್ಜ್ ಮಾಡಿದರೆ ನಿಜವಾಗಿ ಎಷ್ಟು ಓಡುತ್ತೆ?”

ಎಲ್ಲರೂ ಬ್ರೋಷರಿಗಿಂತ ಹೆಚ್ಚು ಹೇಳಿದರು!

ಕಂಪನಿಯವರಾದರೂ ಚಿಕ್ಕ ಅಕ್ಷರದಲ್ಲಿ ‘ರಸ್ತೆ, ಹವಾಮಾನಕ್ಕೆ ತಕ್ಕಂತೆ ಬದಲಾಗಬಹುದು’ ಎಂದು ಬರೆದಿರುತ್ತಾರೆ. ಮಾಲೀಕರಿಗೆ ಆ ಸಂಕೋಚವೂ ಇಲ್ಲ. ತಾನು ಕೊಂಡ ಕಾರನ್ನು ಬಯ್ಯುವ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಬಯ್ದರೆ ಬಯ್ದಂತಾಗುವುದು ಯಾರನ್ನು? ಸರ್ಕಾರಿ ಕಚೇರಿಯಲ್ಲಿರುವ ಪರಿಚಿತರೊಬ್ಬರು ಮಾತ್ರ ಸಿಕ್ಕಿಬಿದ್ದರು. “ಆರಾಮಾಗಿ ಸಾಗರಕ್ಕೆ ಹೋಗಿ ಬರ್ತೀವಿ ಸಾರ್, ಯೋಚ್ನೇನೇ ಇಲ್ಲ,” ಎನ್ನುತ್ತಿದ್ದರು. ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತು: “ಮೊನ್ನೆ ಎಸಿ ಆಫ್ ಮಾಡ್ಕೊಂಡು, ಬೆವರು ಒರೆಸ್ಕೊಂಡು ಬಂದ್ವಲ್ಲ, ಅದೂ ಹೇಳ್ರಿ!” ಫೋನ್ ಕಟ್ ಆಯಿತು. ಅಂದಿನಿಂದ ನಾನು ಮಾಲೀಕರನ್ನು ಕೇಳುವುದನ್ನು ಬಿಟ್ಟು ಮಾಲೀಕರ ಹೆಂಡತಿಯರನ್ನು ಕೇಳತೊಡಗಿದೆ. ಅಂಕಿಗಳು ತಾವಾಗಿ ಕೆಳಗಿಳಿದವು.

ಭಾವನ ಪದ್ಧತಿ ಬೇರೆ. ಅವರು ತಟ್ಟುತ್ತಾರೆ.

ಜೀವನವಿಡೀ ಉಕ್ಕಿನ ನಡುವೆ ಇದ್ದವರು. ನಮ್ಮ ಬಳಗದಲ್ಲಿ ಲೋಹದ ಸಾಮಾನು ಯಾವುದೇ ಇರಲಿ, ಭಾವ ತಟ್ಟದೆ ಮನೆಗೆ ಬರುವುದಿಲ್ಲ. ಗೇಟು, ಬೀರು, ಮಂಚ, ಕುಕ್ಕರ್, ನನ್ನ ಮೊದಲ ಸ್ಕೂಟರ್, ಎಲ್ಲವೂ ಅವರ ಗೆಣ್ಣಿನ ಕೆಳಗೆ ಪಾಸಾಗಿ ಬಂದವು. ನನ್ನ ಮದುವೆಗೆ ಬಂದ ಕೊಡಪಾನವನ್ನು ಮಂಟಪದ ಪಕ್ಕದಲ್ಲೇ ತಟ್ಟಿ, “ಗೇಜು ಕಮ್ಮಿ, ತಗಡು ತೆಳು,” ಎಂದು ಹೇಳಿದ್ದು ನನ್ನ ಮಾವನ ಮನೆಯವರಿಗೆ ಇನ್ನೂ ನೆನಪಿದೆ.

ವಿಚಿತ್ರವೆಂದರೆ ಭಾವನಿಗೆ ಕಿವಿ ಮಂದ. ಯಂತ್ರಗಳ ಸದ್ದು ತಿಂದ ಕಿವಿ. ಮತ್ತೆ ತಟ್ಟಿದ್ದು ಹೇಗೆ ಕೇಳಿಸುತ್ತದೆ? ಒಮ್ಮೆ ಕೇಳಿದ್ದೆ. “ಇದನ್ನ ಕೇಳೋದು ಕಿವೀಲಲ್ಲ ಮಾರಾಯ, ಬೆರಳಲ್ಲಿ,” ಎಂದಿದ್ದರು.

ಗದ್ದಲವಿದ್ದರೆ ಮಾತು ಹಿಡಿಯುವುದು ಅವರಿಗೆ ಕಷ್ಟ ಎಂದು ಡಾಕ್ಟರು ಹೇಳಿ ವರ್ಷಗಳಾದವು. ಭಾವ ಹೇಳುವುದು, “ನನ್ನ ಕಿವಿ ಸರಿಯಾಗೇ ಇದೆ, ನೀವು ಬಾಯೊಳಗೇ ಗೊಣಗ್ತೀರಿ.” ಕಿವಿಗೆ ಹಾಕುವ ಮೆಷಿನ್ನು ಬೀರುವಿನಲ್ಲಿ ಸುರಕ್ಷಿತವಾಗಿದೆ. ಆ ಮನೆಯಲ್ಲಿ ಟಿವಿ, ಫ್ಯಾನು, ಮಿಕ್ಸಿ, ಕುಕ್ಕರು ಇವುಗಳಲ್ಲಿ ಒಂದಾದರೂ ಸದಾ ಸದ್ದು ಮಾಡುತ್ತಿರುತ್ತದೆ. ಇನ್ನು ಅವರ ಹಳೆಯ ಡೀಸೆಲ್ ಕಾರಿನ ಬಗ್ಗೆ ಹೇಳುವುದೇ ಬೇಡ. ಹೀಗಾಗಿ ನಮ್ಮ ಬಳಗದಲ್ಲಿ ಎರಡು ದನಿಗಳು ರೂಢಿಯಾಗಿಬಿಟ್ಟಿವೆ. ಭಾವನಿಗೆ ಹೇಳುವ ದನಿ ಒಂದು, ಭಾವನ ಬಗ್ಗೆ ಹೇಳುವ ದನಿ ಇನ್ನೊಂದು. ಮೊದಲನೆಯದಕ್ಕೆ ಗಂಟಲು ಹರಿಯಬೇಕು. ಎರಡನೆಯದನ್ನು ಅವರ ಎದುರಲ್ಲೇ ಮಾಮೂಲಿಯಾಗಿ ಆಡಬಹುದು. ಆಡುತ್ತೇವೆ ಕೂಡ, ಒಂದಿಷ್ಟೂ ಅಳುಕಿಲ್ಲದೆ.

ಆ ಭಾನುವಾರ ಎರಡನೆಯ ದನಿಯಲ್ಲಿ ಆಡಲು ಒಂದು ಗಂಭೀರ ವಿಷಯವೇ ಇತ್ತು.

ಕಾವ್ಯಳ ಬ್ಯಾಂಕು ಆಯನೂರಿನಲ್ಲಿ ಹೊಸ ಶಾಖೆ ತೆರೆಯುತ್ತಿದೆ. ಅವಳನ್ನು ಮ್ಯಾನೇಜರ್ ಮಾಡುವುದಾಗಿ ಹೇಳಿದ್ದಾರೆ. ಒಪ್ಪಿಗೆಯೋ ಇಲ್ಲವೋ, ಸೋಮವಾರ ಉತ್ತರ ಕೊಡಬೇಕಿತ್ತು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದು, ಬಸ್ಸು ಬದಲಿಸಿ, ಸಾಗರ ರಸ್ತೆಯಲ್ಲಿ ಆಯನೂರಿಗೆ ಹೋಗಿ, ಸಂಜೆ ಲೆಕ್ಕ ಮುಗಿಸಿ ಮತ್ತೆ ಹಾಗೆಯೇ ವಾಪಸ್ ಬರುವುದು ದಿನಾ ಆಗುವ ಮಾತಲ್ಲ. ಸ್ವಂತ ಕಾರು ಬೇಕು, ಇಲ್ಲವೇ ಆಯನೂರಿನಲ್ಲಿ ರೂಮು ಮಾಡಬೇಕು.

ಇದು ಅಕ್ಕನಿಗೆ ಗೊತ್ತು, ನನಗೆ ಗೊತ್ತು. ಭಾವನಿಗೆ ಗೊತ್ತಿಲ್ಲ. ಹಿಂದೊಮ್ಮೆ ದೂರದ ಸೊರಬಕ್ಕೆ ಬಡ್ತಿ ಬಂದಾಗ ಭಾವ “ಬೇಡ” ಎಂದಿದ್ದರು, ಕಾವ್ಯ ಬಿಟ್ಟುಕೊಟ್ಟಿದ್ದಳು. ಅವಳ ಜಾಗಕ್ಕೆ ಹೋದವರು ಈಗ ಅವಳ ಮೇಲಧಿಕಾರಿ. ಈ ಸಲವೂ ಬಿಟ್ಟರೆ ಮೂರನೆಯ ಸಲ ಯಾರೂ ಕೇಳುವುದಿಲ್ಲ. ಅದಕ್ಕೇ ಅವಳ ಯೋಜನೆ ಇಷ್ಟು: ಶಿವಮೊಗ್ಗಕ್ಕೆ ಓಡಾಡಲು ಎಂದು ಹೇಳಿ ಕಾರು ಬುಕ್ ಮಾಡುವುದು, ಸೋಮವಾರ ಒಪ್ಪಿಗೆ ಕೊಡುವುದು, ಆಮೇಲೆ ಅಪ್ಪನಿಗೆ ಹೇಳುವುದು.

ಆದರೆ ಭಾವ ತಟ್ಟಿ ತಟ್ಟಿ ಎಲ್ಲವನ್ನೂ ಫೇಲ್ ಮಾಡುತ್ತಿದ್ದರು. ಕೆಂಪು ಕಾರು ಬಕೆಟ್ಟಾಯಿತಲ್ಲ? ನೀಲಿ ಕಾರಿನ ಬಾಗಿಲು ತಟ್ಟಿ, “ಡಾಲ್ಡಾ ಡಬ್ಬ” ಎಂದರು. “ಇಂಥ ಗಾಡೀಲಿ ನನ್ನ ಮಗಳು ಲಾರಿಗಳ ಮಧ್ಯೆ ಹೋಗ್ಬೇಕಾ?”

ಬ್ಯಾಟರಿಯ ವಾರಂಟಿ, ಚಾರ್ಜಿಂಗಿಗೆ ಹಿಡಿಯುವ ಹೊತ್ತು, ಡಿಕ್ಕಿಯ ಜಾಗ, ನಾನು ಹೋಲಿಸಿ ನೋಡಿದ ಯಾವುದೂ ಅವರ ಕಿವಿಗೆ ಬೀಳಲಿಲ್ಲ. ಕಾರಿನ ಅಡಿಯಲ್ಲಿರುವ ಬ್ಯಾಟರಿಯನ್ನು ತಟ್ಟಲು ಬರುವುದಿಲ್ಲ ಎಂಬುದೇ ಅವರ ಮುಖ್ಯ ಆಕ್ಷೇಪವಾಗಿತ್ತು.

ಟೆಸ್ಟ್ ಡ್ರೈವ್ ಬಗ್ಗೆ ಒಂದು ಮಾತು. ಶಿವಮೊಗ್ಗದ ಶೋರೂಮಿನವರೆಲ್ಲ ಗಿರಾಕಿಗಳನ್ನು ಕರೆದೊಯ್ಯುವುದು ಸೋಗಾನೆಯ ವಿಮಾನ ನಿಲ್ದಾಣದ ರಸ್ತೆಗೆ. ಅಗಲ, ನುಣುಪು, ಖಾಲಿ. ಆ ರಸ್ತೆಯಲ್ಲಿ ಎತ್ತಿನ ಗಾಡಿಯನ್ನೂ ಲಕ್ಷುರಿ ಎಂದು ಮಾರಬಹುದು. ನಾವು ದಿನಾ ಓಡಾಡುವುದು ಅಲ್ಲಿಯೇ? ಆದರೂ ನಾವೆಲ್ಲ ಅಲ್ಲಿಗೇ ಹೋಗಿ, ಅಲ್ಲೇ ಮೆಚ್ಚಿ, ಕೊಂಡುತಂದು ನಮ್ಮ ಬೀದಿಯ ಚರಂಡಿ ಚಪ್ಪಡಿಯ ಮೇಲೆ ಹತ್ತಿಸುತ್ತೇವೆ.

ಕೆಂಪು ಕಾರಿನ ಯುವಕ ದಾರಿಯುದ್ದಕ್ಕೂ ಸ್ಪೀಕರಿನ ಸಾಮರ್ಥ್ಯ ತೋರಿಸಿದ. ನನ್ನ ಎದೆ ಇನ್ನೂ ಅದುರುತ್ತಿದೆ. ನೀಲಿ ಕಾರಿನವರು ಹಾಡು ಹಾಕಲಿಲ್ಲ, ಹಾಡಿನ ಬದಲು ತಾವೇ ಮಾತಾಡಿದರು, ಹೊರಟಲ್ಲಿಂದ ಇಳಿಯುವವರೆಗೆ.

ಬಿಳಿ ಕಾರಿನ ಶೋರೂಮಿನಲ್ಲಿ ಇದ್ದವರು ನಡುವಯಸ್ಸಿನ ಒಬ್ಬ ಹೆಣ್ಣುಮಗಳು. ಊಟದ ಹೊತ್ತು ಮೀರಿತ್ತು, ಬೆಳಗಿನಿಂದ ಮಾತಾಡಿ ದಣಿದಿದ್ದರು ಎಂದು ಕಾಣುತ್ತದೆ. ಭಾವ ಇದರ ಬಾಗಿಲನ್ನೂ ತಟ್ಟಿ, ತಲೆ ಅಲ್ಲಾಡಿಸಿ ಹಿಂದೆ ಹತ್ತಿದರು. “ಎಲ್ಲಾ ಆಫ್ ಮಾಡಿದೀನಿ ಮೇಡಂ. ಸುಮ್ನೆ ಓಡಿಸಿ ನೋಡಿ,” ಎಂದವರೇ ಹಿಂದಿನ ಸೀಟಿನಲ್ಲಿ ಭಾವನ ಪಕ್ಕ ಕೂತರು. ಕಾವ್ಯ ಸ್ಟೀರಿಂಗಿನ ಮುಂದೆ, ನಾನು ಅವಳ ಪಕ್ಕ.

ಮೊದಲು ಭದ್ರಾವತಿ ರಸ್ತೆಯಲ್ಲೇ ಒಂದಿಷ್ಟು ದೂರ ಹೋದೆವು. ಕಾವ್ಯ ಬೇಕೆಂದೇ ಒಂದು ಕೆಟ್ಟ ಹಂಪನ್ನು ಹುಡುಕಿ ಹತ್ತಿಸಿದಳು. ಅಡಿ ತಾಗಲಿಲ್ಲ. ಆಮೇಲೆ ಸೋಗಾನೆ ಕಡೆಗೆ ತಿರುಗಿಸಿದಳು. ರಸ್ತೆ ನುಣುಪಾಯಿತು.

“ಮಾವ, ಇದೇ ಸರಿ ಅನ್ಸುತ್ತೆ,” ಎಂದಳು. ಎರಡನೆಯ ದನಿ.

“ಒಂದು ಚಾರ್ಜಿಗೆ ಓಡೋ ರೇಂಜು ಉಳಿದೆರಡಕ್ಕಿಂತ ಸ್ವಲ್ಪ ಕಮ್ಮಿ,” ಎಂದೆ. ನಾನೂ ಎರಡನೆಯ ದನಿಯಲ್ಲೇ.

“ಆಯನೂರಿಗೆ ಹೋಗಿ ಬರೋಕೆ ಧಾರಾಳ ಆಯ್ತು. ಮನೇಲೇ ಚಾರ್ಜಿಗೆ ಹಾಕ್ಕೊತೀನಿ.”

“ಅಪ್ಪನಿಗೆ?”

“ಬುಕ್ ಮಾಡಿದ್ಮೇಲೆ ಹೇಳ್ತೀನಿ. ಮೊದ್ಲೇ ಹೇಳಿದ್ರೆ ಸೊರಬದ ಕಥೆನೇ.”

“ಸುಮ್ನೆ ಬುಕ್ ಮಾಡ್ಬಿಡು ಮಾರಾಯ್ತಿ. ಇವರು ತಟ್ಟೋದು ಮುಗಿಯೋ ಹೊತ್ತಿಗೆ ಹೊಸ ಮಾಡೆಲ್ ಬಂದಿರುತ್ತೆ.” ಇದನ್ನು ಹೇಳಿದ್ದು ನಾನು. ದಾಖಲೆಗಾಗಿ ಬರೆದಿದ್ದೇನೆ.

ಕಾವ್ಯ ನಕ್ಕಳು. ಆಮೇಲೆ ಹೇಳಿದಳು:

“ತಮಾಷೆ ಅಲ್ಲ ಮಾವ. ಅಲ್ಲೇ ರೂಮ್ ಮಾಡ್ಕೊಳೋದಾದ್ರೆ ನಂಗೆ ಕಾರೇ ಬೇಡ. ಹೋಗೋಕೆ ಬಸ್ಸಿದೆ. ಕಾರು ಬೇಕಾಗಿರೋದು ಸಂಜೆ ಮನೆಗೆ ವಾಪಸ್ ಬರೋಕೆ.”

“ಆಯನೂರಲ್ಲಿ ಏನು?”

ಹಿಂದಿನ ಸೀಟಿನಿಂದ ಬಂದ ಪ್ರಶ್ನೆ. ಶೋರೂಮಿನ ಹೆಣ್ಣುಮಗಳದ್ದಲ್ಲ. ಕಿರುಚಿಯೂ ಕೇಳಿದ್ದಲ್ಲ, ಬಹಳ ವರ್ಷಗಳಿಂದ ನಾವು ಕೇಳದೇ ಇದ್ದ, ಭಾವನ ಮಾಮೂಲಿ ದನಿ.

ಕಾವ್ಯ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. ನಿಲ್ಲಿಸಿದ್ದೂ ಗೊತ್ತಾಗಲಿಲ್ಲ. ಆ ಗಾಡಿಗಳು ಓಡುವುದಕ್ಕೂ ನಿಲ್ಲುವುದಕ್ಕೂ ಕಿವಿಗೆ ಅಂಥ ವ್ಯತ್ಯಾಸವಿಲ್ಲ.

“ಹೊಸ ಬ್ರಾಂಚು ಅಪ್ಪ. ಮ್ಯಾನೇಜರ್ ಮಾಡ್ತಾರಂತೆ. ನಾಳೆ ಹೇಳ್ಬೇಕು,” ಎಂದಳು. ಅಭ್ಯಾಸಬಲದಿಂದ ಕಿರುಚಿಯೇ ಹೇಳಿದಳು.

“ಮೆಲ್ಲಗೆ ಹೇಳೆ, ಇಲ್ಲೇ ಇದೀನಿ,” ಎಂದರು ಭಾವ. “ನಾನು ಬೇಡ ಅಂತೀನಿ ಅಂತ ನಿನಗ್ಯಾರು ಹೇಳಿದ್ದು?”

“ಸೊರಬ ಬೇಡ ಅಂದ್ರಲ್ಲ.”

“ಸೊರಬಕ್ಕೆ ಹೋಗ್ತೀನಿ, ಅಲ್ಲೇ ಮನೆ ಮಾಡ್ತೀನಿ ಅಂದೆ. ವಾಪಸ್ ಬರೋ ಮಾತೇ ಎತ್ತಲಿಲ್ಲ ನೀನು.”

“ಎತ್ತಿದ್ದೆ ಅಪ್ಪ. ಶನಿವಾರ ಶನಿವಾರ ಬರ್ತೀನಿ ಅಂದಿದ್ದೆ.” ಕಾವ್ಯ ಈಗ ಮೆಲ್ಲಗೆ ಹೇಳಿದಳು. “ಅಮ್ಮ ಮಿಕ್ಸಿ ಹಾಕಿದ್ರು.”

ನಾನು ವಿಮಾನ ಬರಬಹುದೇ ಎಂದು ಆಕಾಶ ನೋಡಿದೆ. ಆ ಹೊತ್ತಿಗೆ ಯಾವುದೂ ಇರಲಿಲ್ಲ.

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. “ನಾಳೆ ಹೂಂ ಅಂದ್ಬಿಡು,” ಎಂದರು. “ಸಂಜೆ ಎಷ್ಟು ಹೊತ್ತಾದ್ರೂ ಪರವಾಗಿಲ್ಲ. ಬಾ ಅಷ್ಟೇ.” ಕನ್ನಡಕ ಹಾಕಿಕೊಂಡು ನನ್ನ ಬೆನ್ನಿನ ಕಡೆ ತಿರುಗಿದರು. “ಮತ್ತೆ ನೀನು? ನಾನು ತಟ್ಟೋದು ಮುಗಿಯೋ ಹೊತ್ತಿಗೆ ಏನು ಬಂದಿರುತ್ತೆ ಅಂದೆ ಮಾರಾಯ?”

ನಾನು ಸ್ಪಷ್ಟೀಕರಣ ಕೊಡಲಿಲ್ಲ. ಪತ್ರಿಕೆಯವರಿಗೆ ಆ ಅಭ್ಯಾಸ ಕಡಿಮೆ.

“ಕ್ಯಾಬಿನ್ ಸೈಲೆಂಟ್ ಅಂತ ನಾನು ಹೇಳ್ಬೇಕು ಅಂತಿದ್ದೆ ಸಾರ್,” ಎಂದರು ಶೋರೂಮಿನ ಹೆಣ್ಣುಮಗಳು. “ಇನ್ನು ಹೇಳೋದು ಬೇಡ ಬಿಡಿ.”

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಕೆಂಪು ಕಾರೂ ನೀಲಿ ಕಾರೂ ಇಷ್ಟೇ ನಿಶ್ಶಬ್ದವಾಗಿದ್ದವೋ ಏನೋ. ಒಂದರಲ್ಲಿ ಹಾಡು, ಇನ್ನೊಂದರಲ್ಲಿ ಮಾತು ಅಡ್ಡ ಬಂತು. ಅದು ಕಾರುಗಳ ತಪ್ಪಲ್ಲ. ಹಾಗಾಗಿ ಈ ಬರಹವನ್ನು ಓದಿ ಯಾರೂ ಬಿಳಿ ಕಾರನ್ನು ಹುಡುಕಿಕೊಂಡು ಹೋಗಬೇಡಿ. ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಸ್ಪೀಕರ್ ಆಫ್ ಮಾಡಿಸಿ, ಮಾರುವವರನ್ನು ಸುಮ್ಮನಿರಿಸಿ, ಮನೆಯವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಬ್ರೋಷರಿನಲ್ಲಿ ಇಲ್ಲದ ಒಂದಷ್ಟು ಮಾಹಿತಿ ಸಿಗಬಹುದು.

ನನಗೆ ಇನ್ನೂ ಕೊರೆಯುತ್ತಿರುವುದು ಬೇರೆ. ಒಂದು ವಾಕ್ಯದ ಅರ್ಧ ಭಾಗ ಅಡುಗೆಮನೆಯ ಸದ್ದಿನಲ್ಲಿ ಮುಳುಗಿತು, ಒಬ್ಬ ಹುಡುಗಿ ಒಂದು ಹುದ್ದೆ ಬಿಟ್ಟಳು, ಒಬ್ಬ ಅಪ್ಪ ಮಗಳು ದೂರವಾಗುತ್ತಾಳೆ ಎಂದುಕೊಂಡ. ಇಬ್ಬರೂ ಮತ್ತೆ ಕೇಳಲಿಲ್ಲ. ನಮ್ಮ ಮನೆಗಳ ಎಷ್ಟು ‘ಬೇಡ’ಗಳು ಮಿಕ್ಸಿ ಓಡುವಾಗ ಹುಟ್ಟಿದವೋ?

ಕಾವ್ಯ ಸೋಮವಾರ ಒಪ್ಪಿಗೆ ಕೊಟ್ಟಳು. ಬಿಳಿ ಕಾರು ಬುಕ್ ಆಗಿದೆ. ಚಾರ್ಜಿಂಗ್ ಪಾಯಿಂಟಿಗಾಗಿ ಭಾವ ಮನೆಯ ಅರ್ಥಿಂಗ್ ಸರಿ ಮಾಡಿಸುತ್ತಿದ್ದಾರೆ, ಎಲೆಕ್ಟ್ರಿಷಿಯನ್ ಅವರ ಕೈಯಲ್ಲಿ ಸಿಕ್ಕು ಬಡವಾಗಿದ್ದಾನೆ.

ಅಕ್ಕ ಮಾತ್ರ ಚಿಂತೆಯಲ್ಲಿದ್ದಾಳೆ: ಕಾರು ಮನೆಗೆ ಬಂದ ಮೇಲೆ ಭಾವನ ಬಗ್ಗೆ ಏನಾದರೂ ಹೇಳಬೇಕೆಂದರೆ ನಾವೆಲ್ಲ ದಾರಿಯಲ್ಲೇ ಇಳಿಯಬೇಕಾಗುತ್ತದೆ.